ಫೈಲು ಯಾರ ಕೈಯಲ್ಲಿ?

ಕಾಯಿಲೆಯವರನ್ನು ನೋಡಲು ನಮ್ಮ ಕಡೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಎಳನೀರು, ಮೂಸಂಬಿ, ಒಂದು ಚಿಪ್ಪು ಬಾಳೆಹಣ್ಣು. ಕಿಡ್ನಿ ಸೋತವರಿಗೆ ಏನು ಕೊಡಬಾರದು ಎಂದು ಕೇಳಿದರೆ ಆಸ್ಪತ್ರೆಯ ಡಯಟಿಷಿಯನ್ ಹೇಳುವುದೂ ಹೆಚ್ಚುಕಡಿಮೆ ಇವನ್ನೇ. ಇವುಗಳಲ್ಲಿರುವ ಪೊಟ್ಯಾಶಿಯಂ ಹೊರಹೋಗದೆ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಂದವರ ಮನಸ್ಸು ನೋಯದಂತೆ ಎಳನೀರನ್ನು ಅಡುಗೆಮನೆಗೆ ಸಾಗಹಾಕುವುದು ಇಂಥ ಮನೆಯ ತಾಯಂದಿರು ಮೊದಲು ಕಲಿಯುವ ವಿದ್ಯೆ. ಉಳಿದದ್ದು ಒಂದೊಂದಾಗಿ ಬರುತ್ತದೆ: ತರಕಾರಿ ಹೆಚ್ಚಿ ನೆನೆಹಾಕಿ, ಬೇಯಿಸಿ, ನೀರು ಬಸಿಯುವುದು, ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸುವುದು, ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಶಿಯಂ ಸೇರಿರುತ್ತದೆಂದು ತಿಳಿಯುವುದು. ಕರಾವಳಿ, ಮಲೆನಾಡಿನ ಹಿತ್ತಲಲ್ಲಿ ಬಿಡುವ ಧಾರೆಹುಳಿ, ಪೇಟೆಯವರು ಸ್ಟಾರ್‌ಫ್ರೂಟ್ ಎನ್ನುವ ಹಣ್ಣು, ಇವರ ಮಿದುಳಿಗೇ ವಿಷವಾಗಬಲ್ಲದು ಎಂಬುದನ್ನೂ ಯಾರೋ ಹೇಳಿರುತ್ತಾರೆ.

ಇಷ್ಟೆಲ್ಲ ಕಲಿತ ತಾಯಿಗೆ ಒಂದೇ ತೊಡಕು. ರೋಗಿಗೆ ಇಪ್ಪತ್ಮೂರು ವರ್ಷ. ಅವನಿರುವುದು ಬೆಂಗಳೂರಿನ ಪಿ.ಜಿ.ಯಲ್ಲಿ, ಅಲ್ಲಿನ ಸಾಂಬಾರಿಗೆ ಉಪ್ಪು ಹಾಕುವವರು ಬೇರೆ ಯಾರೋ.

ಮಧುಮೇಹ, ರಕ್ತದೊತ್ತಡದಿಂದ ಐವತ್ತರ ಮೇಲೆ ಬರುವ ಕಿಡ್ನಿ ಕಾಯಿಲೆ ನಮಗೆ ಗೊತ್ತು. ಈ ವಯಸ್ಸಿನವರ ಕಥೆ ಬೇರೆ. ಕೆಲವರಿಗೆ ಹುಟ್ಟಿನಿಂದಲೇ ಮೂತ್ರನಾಳದ ರಚನೆಯಲ್ಲಿ ದೋಷ, ಕೆಲವರಿಗೆ ಚಿಕ್ಕಂದಿನ ನೆಫ್ರೋಟಿಕ್ ಸಿಂಡ್ರೋಮ್, ಕೆಲವರಿಗೆ ಸದ್ದಿಲ್ಲದೆ ಬೆಳೆಯುವ ಐಜಿಎ ನೆಫ್ರೋಪತಿ. ಕೆಲಸಕ್ಕೆ ಸೇರುವಾಗಿನ ಮೆಡಿಕಲ್ ಚೆಕಪ್‌ನಲ್ಲಿ ಮೂತ್ರದಲ್ಲಿ ಪ್ರೋಟೀನ್ ಸಿಕ್ಕಿ, ಬಿ.ಪಿ. ಏರಿದ್ದು ಕಂಡು ಗೊತ್ತಾಗುವುದೂ ಉಂಟು. ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಳತೆ, ಜಿ.ಎಫ್.ಆರ್., 90ರ ಮೇಲಿದ್ದರೆ ಸಾಮಾನ್ಯ. 15ರ ಕೆಳಗಿಳಿದರೆ ಐದನೇ ಹಂತ. ಆಮೇಲೆ ಡಯಾಲಿಸಿಸ್, ಇಲ್ಲವೇ ಕಸಿ. ಡಯಾಲಿಸಿಸ್ ಎಂದರೆ ವಾರಕ್ಕೆ ಮೂರು ಸಲ, ಒಮ್ಮೆಗೆ ನಾಲ್ಕು ತಾಸು. ಕೇಂದ್ರ ಸರ್ಕಾರದ ಡಯಾಲಿಸಿಸ್ ಯೋಜನೆ 2016ರಲ್ಲಿ ಬಂತು, ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಆದರೆ ವಾರಕ್ಕೆ ಮೂರು ಅರ್ಧ ದಿನ ರಜೆ ಕೊಡುವ ಕಂಪನಿ ಹುಡುಕಬೇಕಷ್ಟೆ. ಹಕ್ಕೆಂದು ಕೇಳೋಣವೆಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಕಿಡ್ನಿ ವೈಫಲ್ಯಕ್ಕೆ ಜಾಗವಿಲ್ಲ.

ವೈದ್ಯರ ಕೋಣೆಯಲ್ಲಿ ನಡೆಯುವುದನ್ನು ನೋಡಿ. ‘ಹೇಗಿದ್ದೀಯಪ್ಪಾ?’ ಎಂದು ವೈದ್ಯರು ಹುಡುಗನನ್ನು ಕೇಳುತ್ತಾರೆ. ‘ಊಟಾನೇ ಸರಿಯಾಗಿ ಮಾಡಲ್ಲ ಸಾರ್’ ಎಂದು ಅಮ್ಮ ಉತ್ತರಿಸುತ್ತಾರೆ. ಫೈಲು ಅಮ್ಮನ ಮಡಿಲಲ್ಲಿ, ಮಾತ್ರೆಯ ಹೆಸರು ಅಮ್ಮನ ಬಾಯಲ್ಲಿ, ಮುಂದಿನ ತಾರೀಖು ಅಪ್ಪನ ಡೈರಿಯಲ್ಲಿ. ಹದಿನೆಂಟು ತುಂಬಿದವನ ಒಪ್ಪಿಗೆ ಪತ್ರಕ್ಕೆ ಅವನೇ ಸಹಿ ಮಾಡಬೇಕೆನ್ನುತ್ತದೆ ಕಾನೂನು. ಅವನು ಸಹಿ ಹಾಕಿ ಮತ್ತೆ ಮೊಬೈಲಿಗೆ ಮರಳುತ್ತಾನೆ. ಇದನ್ನು ಹುಡುಗರ ಬೇಜವಾಬ್ದಾರಿ ಎನ್ನುವವರಿದ್ದಾರೆ. ನನಗೇನೋ ಜವಾಬ್ದಾರಿಯನ್ನು ಅವನಿಗೆ ಯಾರೂ ಕೊಟ್ಟೇ ಇಲ್ಲ ಅನ್ನಿಸುತ್ತದೆ.

ಕಸಿಯಾದ ಮೇಲೆ ಇದು ಪ್ರಾಣದ ಪ್ರಶ್ನೆ. ಕಸಿ ಕಿಡ್ನಿ ಕಳೆದುಕೊಳ್ಳುವ ಅಪಾಯ 17ರಿಂದ 24ರ ವಯಸ್ಸಿನಲ್ಲಿ ಹೆಚ್ಚೆಂದು ಅಮೆರಿಕದ ಅಧ್ಯಯನ ತೋರಿಸಿದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ಹನ್ನೆರಡು ತಾಸಿಗೊಮ್ಮೆ, ತಪ್ಪದೆ ನುಂಗಬೇಕು. ಜೊತೆಗೆ ಕೊಡುವ ಸ್ಟೀರಾಯ್ಡಿನಿಂದ ಮುಖ ಊದುತ್ತದೆ, ಮೊಡವೆ ಏಳುತ್ತವೆ. ಕನ್ನಡಿ ಮುಂದೆ ನಿಲ್ಲುವ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ. ಎರಡು ದಿನ ಬಿಟ್ಟರೂ ಏನೂ ಆಗಿಲ್ಲವೆಂದೇ ಕಾಣುತ್ತದೆ. ದೇಹ ಕಿಡ್ನಿಯನ್ನು ತಿರಸ್ಕರಿಸತೊಡಗಿದಾಗ ನೋವಿರುವುದು ಅಪರೂಪ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದು ರಿಪೋರ್ಟಿನಲ್ಲಿ ಕಾಣುವಾಗ ತಡವಾಗಿರಬಹುದು. ಅದಕ್ಕೇ ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ರೋಗಿಯನ್ನು ಒಮ್ಮೆಲೇ ದಾಟಿಸಬೇಡಿ, ವರ್ಷಗಳ ಮೊದಲೇ ತಯಾರು ಮಾಡಿ ಎಂದು ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಘಗಳು 2011ರಲ್ಲೇ ಹೇಳಿವೆ. ಭೇಟಿಯ ಮೊದಲ ಹತ್ತು ನಿಮಿಷ ರೋಗಿ ಒಬ್ಬನೇ ಒಳಗಿರಲಿ, ತನ್ನ ಕ್ರಿಯಾಟಿನಿನ್ ಎಷ್ಟೆಂದು ಅವನೇ ಹೇಳಲಿ, ಮೆಡಿಕಲ್ ಶಾಪಿಗೆ ಅವನೇ ಫೋನು ಮಾಡಲಿ. ದೇವನಹಳ್ಳಿ ಚಕ್ಕೋತ ಟ್ಯಾಕ್ರೋಲಿಮಸ್ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲದು ಎಂಬುದು ಅಮ್ಮನಿಗೆ ಗೊತ್ತಿದ್ದರೆ ಸಾಲದು, ಗೆಳೆಯನ ಮನೆಯಲ್ಲಿ ಹಣ್ಣು ತಿನ್ನುವವನಿಗೆ ಗೊತ್ತಿರಬೇಕು.

ತಾಯಿ ಬಿಡಲೊಲ್ಲದ್ದಕ್ಕೂ ಕಾರಣವಿದೆ. 1952ರ ಕ್ರಿಸ್‌ಮಸ್ ಹೊತ್ತಿಗೆ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ ಮಾರಿಯಸ್ ರೆನಾರ್ ಎಂಬ ಹದಿನಾರರ ಬಡಗಿ ಹುಡುಗ ಮಲಗಿದ್ದ. ಎತ್ತರದಿಂದ ಬಿದ್ದು ಒಡೆದ ಕಿಡ್ನಿಯನ್ನು ವೈದ್ಯರು ತೆಗೆದಿದ್ದರು. ಹುಟ್ಟಿನಿಂದ ಅವನಿಗಿದ್ದದ್ದೇ ಅದೊಂದು. ತನ್ನದನ್ನು ಕೊಡುತ್ತೇನೆಂದು ತಾಯಿ ಹಟ ಹಿಡಿದಳು. ಕಸಿ ಮಾಡಿದ್ದು ಕೂಡಲೇ ಕೆಲಸ ಶುರುಮಾಡಿತು, ಮೂರು ವಾರಕ್ಕೆ ನಿಂತಿತು. ಹುಡುಗ ಉಳಿಯಲಿಲ್ಲ, ತಿರಸ್ಕಾರ ತಡೆಯುವ ಔಷಧ ಆಗ ಇರಲಿಲ್ಲ. ಭಾರತದಲ್ಲಿ ಯಶಸ್ವಿ ಕಸಿ ಮೊದಲಾದದ್ದು 1971ರಲ್ಲಿ, ವೆಲ್ಲೂರಿನಲ್ಲಿ. ಇಂದಿಗೂ ನಮ್ಮಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಕೊಟ್ಟ ಮೇಲೆ ‘ನನ್ನ ಕಿಡ್ನಿ ಹಾಳು ಮಾಡ್ತಿದ್ದೀಯ’ ಎಂಬ ಮಾತು ಬಾಯಿ ತಪ್ಪಿ ಬಂದೇಬರುತ್ತದೆ. ಆ ಮಾತಿಗೆ ಮಗನ ಬಳಿ ಉತ್ತರವಿಲ್ಲ. ಅದಕ್ಕೇ ಅದು ಕ್ರೂರ.

ಲೆಕ್ಕ ಇನ್ನೊಂದಿದೆ. ಬದುಕಿರುವ ದಾನಿಯ ಕಿಡ್ನಿ ಸರಾಸರಿ ಹದಿನೈದು–ಇಪ್ಪತ್ತು ವರ್ಷ ಬಾಳುತ್ತದೆ. ಇಪ್ಪತ್ತೈದಕ್ಕೆ ಕಸಿಯಾದವನಿಗೆ ನಲವತ್ತೈದರೊಳಗೆ ಇನ್ನೊಂದು ಬೇಕಾಗಬಹುದು. ಆಗ ಅಮ್ಮನಿಗೆ ಎಪ್ಪತ್ತು. ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಿ, ಮೃತ ದಾನಿಯ ಅಂಗಕ್ಕೆ ಕಾಯುವ ಸರದಿಯಲ್ಲಿ ಅವನು ಒಬ್ಬನೇ ನಿಲ್ಲಬೇಕು, ಹಳೆಯ ಫೈಲು ಹಿಡಿದು.

ಹೆಣ್ಣುಮಕ್ಕಳ ವಿಷಯದಲ್ಲಿ ಗಂಟು ಇನ್ನೂ ಬಿಗಿ. ಕಸಿಯಾದವರು ತಿನ್ನುವ ಮೈಕೋಫಿನೋಲೇಟ್ ಮಾತ್ರೆ ಭ್ರೂಣಕ್ಕೆ ಹಾನಿಕರ. ಬಸಿರಾಗುವ ಮುಂಚೆ ಅದನ್ನು ನಿಲ್ಲಿಸಿ ಬೇರೆಯದಕ್ಕೆ ಬದಲಿಸಬೇಕು, ಕಸಿಯಾಗಿ ಕಡೇಪಕ್ಷ ಒಂದು ವರ್ಷವಾದರೂ ಕಳೆದಿರಬೇಕು. ಇದನ್ನೆಲ್ಲ ಅಪ್ಪನ ಎದುರು ಯಾವ ಹುಡುಗಿ ಕೇಳಿಯಾಳು? ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತರ ಮಾತ್ರೆ ಎಷ್ಟು ದಿನ ಗುಟ್ಟಾಗಿ ಉಳಿದೀತು? ಮ್ಯಾಟ್ರಿಮೋನಿ ಪ್ರೊಫೈಲಿನಲ್ಲೇ ಬರೆಯಬೇಕೋ, ಎರಡನೇ ಭೇಟಿಯಲ್ಲಿ ಹೇಳಬೇಕೋ ಎಂದು ಅತ್ತೆ, ಮಾವ, ಚಿಕ್ಕಪ್ಪಂದಿರು ಸೇರಿ ಚರ್ಚಿಸುತ್ತಾರೆ. ಆ ಚರ್ಚೆಗೆ ಮದುವೆಯಾಗಬೇಕಾದವಳನ್ನು ಕರೆಯುವ ಮನೆಗಳು ಕಡಿಮೆ.