ಕೇಳಿದರೂ ತಿಳಿಯದ ಮಾತು

ಕೇಳುವುದು ಬೇರೆ, ತಿಳಿಯುವುದು ಬೇರೆ. ನನ್ನ ಧ್ವನಿ ಈಗ ನಿಮ್ಮ ಕಿವಿಯನ್ನು ಮುಟ್ಟುತ್ತಿದೆ. ಅಲ್ಲಿ ಅದು ಬರಿಯ ನಾದ. ಆ ನಾದವನ್ನು ಪದಗಳಾಗಿ ಬಿಡಿಸಿ, ಪದಗಳಿಗೆ ಅರ್ಥವನ್ನು ಕೂಡಿಸುವ ಕೆಲಸ ನಡೆಯುವುದು ಮಿದುಳಿನಲ್ಲಿ. ಪಾರ್ಶ್ವವಾಯು ಈ ಕೆಲಸವನ್ನು ಹೇಗೆ ಕೆಡಿಸುತ್ತದೆಂಬುದೇ ಇಂದಿನ ನನ್ನ ವಿಷಯ.

ಪಾರ್ಶ್ವವಾಯು ಎಂದೊಡನೆ ಸ್ವಾಧೀನ ತಪ್ಪಿದ ಕೈಕಾಲು, ಸೊಟ್ಟಗಾದ ಬಾಯಿ ನೆನಪಿಗೆ ಬರುತ್ತವೆ. ಮೂಲತಃ ಇದು ಮಿದುಳಿನ ರಕ್ತಸಂಚಾರದ ರೋಗ. ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿದರೆ ಅಥವಾ ಒಡೆದರೆ, ಅದು ಪೋಷಿಸುವ ಭಾಗ ಸಾಯತೊಡಗುತ್ತದೆ. ರೋಗಿ ಏನನ್ನು ಕಳೆದುಕೊಳ್ಳುತ್ತಾನೆಂಬುದು ಆ ಭಾಗ ಯಾವುದೆಂಬುದನ್ನು ಅವಲಂಬಿಸಿದೆ. ಬಲಗೈ ಬಳಸುವ ಬಹುತೇಕ ಜನರಲ್ಲಿ ಭಾಷೆಯ ಮುಖ್ಯ ನೆಲೆ ಮಿದುಳಿನ ಎಡ ಅರ್ಧ.

1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಅವರು, ‘ಟಾನ್’ ಎಂಬ ಉಲಿಯನ್ನಷ್ಟೇ ಆಡುತ್ತಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯನ್ನು ಕಂಡರು. ಅವನಿಗೆ ಪರರ ಮಾತು ಬಹುಮಟ್ಟಿಗೆ ತಿಳಿಯುತ್ತಿತ್ತು. 1874ರಲ್ಲಿ ಜರ್ಮನಿಯ ತರುಣ ವೈದ್ಯ ಕಾರ್ಲ್ ವೆರ್ನಿಕೆ ಅವರು ಇದಕ್ಕೆ ವಿಪರೀತವಾದ ಸ್ಥಿತಿಯನ್ನು ವಿವರಿಸಿದರು. ಅಲ್ಲಿ ಹಾನಿಯಾದುದು ಎಡಗಿವಿಯ ಮೇಲ್ಗಡೆ, ತುಸು ಹಿಂದಕ್ಕೆ ಇರುವ ಭಾಗಕ್ಕೆ. ಅರ್ಥಗ್ರಹಣ ಆ ಒಂದೇ ಎಡೆಯಲ್ಲಿ ಅಡಗಿಲ್ಲ, ಹಲವು ಭಾಗಗಳ ಜಾಲವೇ ಅದಕ್ಕೆ ಬೇಕು ಎಂಬುದು ಈಚಿನ ತಿಳಿವಳಿಕೆ.

ಇಂಥ ರೋಗಿ ನಿರರ್ಗಳವಾಗಿ ಮಾತನಾಡುತ್ತಾನೆ. ರಾಗ, ಏರಿಳಿತ ಎಲ್ಲವೂ ಸರಿಯಾಗಿರುತ್ತವೆ, ಅರ್ಥವೊಂದೇ ಇರುವುದಿಲ್ಲ. ‘ನೀರು’ ಎನ್ನಬೇಕಾದಲ್ಲಿ ‘ಬಾಗಿಲು’ ಎಂದಾನು, ಯಾವ ಭಾಷೆಯಲ್ಲಿಯೂ ಇಲ್ಲದ ಪದವನ್ನೂ ಆಡಿಯಾನು. ತನ್ನ ಮಾತೂ ತನಗೆ ತಿಳಿಯದಿರುವುದರಿಂದ ತಪ್ಪಿನ ಅರಿವು ಅವನಿಗೆ ಬಹುಶಃ ಆಗುವುದೇ ಇಲ್ಲ. ಕೈಕಾಲುಗಳ ಶಕ್ತಿ ಅನೇಕ ವೇಳೆ ಕುಂದಿರುವುದಿಲ್ಲ.

ಅಪಾಯವಿರುವುದು ಇಲ್ಲಿಯೇ. ನಿವೃತ್ತ ಉಪಾಧ್ಯಾಯರೊಬ್ಬರು ಸಂಜೆ ಇದ್ದಕ್ಕಿದ್ದಂತೆ ಹೀಗೆ ಮಾತನಾಡತೊಡಗಿದಾಗ ಮನೆಯವರು ಚಿತ್ತಭ್ರಮೆಯೆಂದು ಬಗೆದು, ಹರಕೆ ಹೊತ್ತು, ಮೂರನೆಯ ದಿನ ನನ್ನ ಬಳಿಗೆ ಕರೆತಂದರು. ನಡೆದೇ ಬಂದರು, ನಮಸ್ಕರಿಸಿದರು. “ಕಣ್ಣು ಮುಚ್ಚಿ” ಎಂದರೆ ಮುಗುಳ್ನಕ್ಕು ಇನ್ನೇನೋ ಹೇಳಿದರು. ನಾನೇ ಕಣ್ಣು ಮುಚ್ಚಿ ತೋರಿಸಿದಾಗ ಹಾಗೆಯೇ ಮಾಡಿದರು. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಂದಾಜು. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ, ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆದುದರಿಂದ ಮಾತು ಹಠಾತ್ತನೆ ಕೆಟ್ಟರೆ, ಕೈಕಾಲು ಆಡುತ್ತಿದ್ದರೂ, ಒಡನೆಯೇ ಆಸ್ಪತ್ರೆಗೆ ಹೋಗಬೇಕು.

ಅನಂತರದ ದಾರಿ ದೀರ್ಘವಾದುದು. ಮೊದಲ ತಿಂಗಳುಗಳಲ್ಲಿ ಚೇತರಿಕೆ ಹೆಚ್ಚು; ಆಮೇಲೆಯೂ ಅದು ನಿಲ್ಲಬೇಕೆಂದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಮನೆಯವರು ಗಟ್ಟಿಯಾಗಿ ಕೂಗಿ ಹೇಳುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ದೋಷ ಕಿವಿಯದಲ್ಲ. ಎದುರಿಗೆ ಕುಳಿತು, ಚಿಕ್ಕ ವಾಕ್ಯಗಳಲ್ಲಿ, ವಸ್ತುವನ್ನು ತೋರಿಸಿ, ಕೈಸನ್ನೆ ಬೆರೆಸಿ ಮಾತನಾಡಬೇಕು. ಪದ ತಿಳಿಯದವರಿಗೂ ದನಿಯಲ್ಲಿನ ಪ್ರೀತಿ, ಸಿಡುಕುಗಳು ಅನೇಕ ವೇಳೆ ತಿಳಿಯುತ್ತವೆ. ಅವುಗಳನ್ನು ಗುರುತಿಸುವುದರಲ್ಲಿ ಮಿದುಳಿನ ಬಲ ಅರ್ಧದ ಪಾತ್ರ ದೊಡ್ಡದು. ಆದಕಾರಣ ಅವರನ್ನು ಬುದ್ಧಿಗೆಟ್ಟವರೆಂದು ಅವರೆದುರಿಗೇ ಆಡಿಕೊಳ್ಳದಿರಿ.