ಜಾಲತಾಣ ಕಟ್ಟುವವರು ಕಲೆತಾಗ

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೊರಟ ನಮ್ಮವರು ಮನ್ಮಾಡ್ ಜಂಕ್ಷನ್ನಿನಲ್ಲಿ ಚಹಾ ಕುಡಿದು ಮತ್ತೆ ಬೋಗಿ ಹತ್ತುವುದೇ ಹೆಚ್ಚು. ಅಲ್ಲೇ ಇಳಿದುಬಿಟ್ಟರೆ ಎರಡು ದಾರಿ. ಪಶ್ಚಿಮಕ್ಕೆ ಹೋದರೆ ನಾಸಿಕ್. ಆಗ್ನೇಯಕ್ಕೆ ತಿರುಗಿದರೆ ಛತ್ರಪತಿ ಸಂಭಾಜಿನಗರ, 2023ರಲ್ಲಿ ಹೆಸರು ಬದಲಾಗುವವರೆಗೂ ಔರಂಗಾಬಾದ್. ಒಂದು ದ್ರಾಕ್ಷಿಯ, ಕುಂಭಮೇಳದ ಊರು. ಇನ್ನೊಂದು ವಾಳೂಜ್ ಕಾರ್ಖಾನೆಗಳ, ಹಿಮ್ರೂ ಶಾಲುಗಳ ಊರು. ಎರಡು ಕಡೆಯೂ ಇತ್ತೀಚೆಗೆ ಸದ್ದಿಲ್ಲದೆ ಬೆಳೆದಿರುವ ಕಸುಬೊಂದಿದೆ. ಮೂರೋ ನಾಲ್ಕೋ ಜನ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು ಜಾಲತಾಣ ಕಟ್ಟಿಕೊಡುವುದು. ದ್ರಾಕ್ಷಿ ರಫ್ತು ಮಾಡುವವರಿಗೆ, ತ್ರ್ಯಂಬಕೇಶ್ವರದ ವಸತಿಗೃಹಕ್ಕೆ, ಪೈಠಣಿ ಸೀರೆಯಂಗಡಿಗೆ, ವಾಹನದ ಬಿಡಿಭಾಗ ತಯಾರಿಸುವವರಿಗೆ.

ಹೀಗೆ ಬಿಡಿಬಿಡಿಯಾಗಿ ಕೂತು ಕೆಲಸ ಮಾಡುವವರನ್ನು ಒಂದೇ ಸೂರಿನಡಿ ಕೂರಿಸುವುದು ವರ್ಡ್‌ಕ್ಯಾಂಪ್. ವರ್ಡ್‌ಪ್ರೆಸ್ ತಂತ್ರಾಂಶ ಬಳಸುವವರ ಸಮ್ಮೇಳನ ಇದು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ 27ರಂದು ಬಿಡುಗಡೆ ಮಾಡಿದ ಈ ತಂತ್ರಾಂಶದ ಮೇಲೆ ಇವತ್ತು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ನಿಂತಿವೆ. ಮೊದಲ ವರ್ಡ್‌ಕ್ಯಾಂಪ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2006ರಲ್ಲಿ ನಡೆಯಿತು. ಭಾರತಕ್ಕೆ ಅದು ಬಂದದ್ದು 2009ರಲ್ಲಿ, ದೆಹಲಿಗೆ. ಮುಂದೆ ಮುಂಬೈ, ಪುಣೆ, ನಾಗಪುರಗಳ ಜೊತೆಗೆ ನಾಸಿಕ್ ಕೂಡ ಆ ಪಟ್ಟಿಗೆ ಸೇರಿತು. 2026ರ ಏಷ್ಯಾ ಮಟ್ಟದ ವರ್ಡ್‌ಕ್ಯಾಂಪ್‌ಗಂತೂ ಮುಂಬೈಯನ್ನೇ ಆರಿಸಲಾಯಿತು.

ಮುಂಬೈಯ ಆ ದೊಡ್ಡ ಮೇಳದ ಬಗ್ಗೆ ಗೌರವವಿದೆ. ಆದರೂ ನನಗೆ ಹೆಚ್ಚು ಮುಖ್ಯವೆನಿಸುವುದು ನಾಸಿಕ್‌ನಂಥ ಊರಿನ ಸಮ್ಮೇಳನವೇ. ಇಲ್ಲಿ ಸಂಘಟಕರಿಗೆ ಸಂಬಳವಿಲ್ಲ, ಮಾತನಾಡುವವರಿಗೆ ಸಂಭಾವನೆಯಿಲ್ಲ. ಖರ್ಚಿನ ಬಹುಪಾಲನ್ನು ಪ್ರಾಯೋಜಕರು ಹೊರುವುದರಿಂದ ಟಿಕೆಟ್ ದರ ಕಾಲೇಜು ಹುಡುಗರ ಕೈಗೂ ಎಟುಕುತ್ತದೆ. ಸಂಭಾಜಿನಗರದ ಡೆವಲಪರ್ ತಪೋವನ ಎಕ್ಸ್‌ಪ್ರೆಸ್ ಹತ್ತಿದರೆ ನಾಸಿಕ್ ರೋಡ್‌ನಲ್ಲಿ ಇಳಿಯಬಹುದು. ಬೆಂಗಳೂರಿಗೋ ಮುಂಬೈಗೋ ಹೋಗಿ ಹೋಟೆಲ್ ಕೋಣೆ ಹಿಡಿಯಲು ಆಗದವರು, ಮನೆಯಲ್ಲಿ ಪುಟ್ಟ ಮಗುವಿರುವ ಹೆಣ್ಣುಮಕ್ಕಳು, ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವವರು ಬರುವುದು ಇಂಥಲ್ಲಿಗೆ. ಎದುರು ನಿಂತವನೂ ತಮ್ಮದೇ ಮಾತಿನವನಾದರೆ ಅಳುಕು ತಾನಾಗಿ ಕಳೆಯುತ್ತದೆ. ಊಟದ ಸಾಲಿನಲ್ಲಿ ನಡೆಯುವ ಮಾತಿಗೆ ವೇದಿಕೆಯ ಭಾಷಣದಷ್ಟೇ ಬೆಲೆಯಿದೆ. ಕ್ಲೈಂಟ್ ದುಡ್ಡು ಕೊಡಲು ಸತಾಯಿಸಿದರೆ ಏನು ಮಾಡಬೇಕು, ಯಾವ ಪ್ಲಗಿನ್ ಹಾಕಿದರೆ ಪುಟ ನಿಧಾನವಾಗುತ್ತದೆ ಎಂಬುದೆಲ್ಲ ಪುಸ್ತಕ ಓದಿ ತಿಳಿಯುವಂಥದ್ದಲ್ಲ.

ಹಲವು ವರ್ಡ್‌ಕ್ಯಾಂಪ್‌ಗಳಲ್ಲಿ ‘ಕಾಂಟ್ರಿಬ್ಯೂಟರ್ ಡೇ’ ಎಂದು ಪ್ರತ್ಯೇಕವಾಗಿ ಒಂದು ದಿನ ಇರುತ್ತದೆ. ಆ ದಿನ ಭಾಷಣಗಳಿಲ್ಲ. ಕೋಡ್‌ಗೊಂದು, ಬಳಕೆದಾರರ ನೆರವಿಗೊಂದು, ಅನುವಾದಕ್ಕೊಂದು ಎಂದು ಮೇಜುಗಳನ್ನು ಹಾಕಿರುತ್ತಾರೆ. ಲ್ಯಾಪ್‌ಟಾಪ್ ತೆರೆದು ಇಷ್ಟದ ಮೇಜಿಗೆ ಹೋಗಿ ಕೂತರಾಯಿತು. ತಾವು ಬಿಟ್ಟಿಯಾಗಿ ಪಡೆದ ತಂತ್ರಾಂಶಕ್ಕೆ ತಮ್ಮ ಪಾಲಿನ ಕೆಲಸ ಸಲ್ಲಿಸುವ ದಿನ ಅದು. ಮರಾಠಿ ವರ್ಡ್‌ಪ್ರೆಸ್ ಬೆಳೆದಿರುವುದು ಇಂಥ ಕೆಲಸದಿಂದಲೇ. ಸರ್ಕಾರದ ಅನುದಾನಕ್ಕೆ ಯಾರೂ ಕಾಯಲಿಲ್ಲ.

ಅನುವಾದ ಮುಗಿದಲ್ಲಿ ಡಿಸೈನರ್‌ನ ಕಷ್ಟ ಶುರು. ಥೀಮ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದವು. ದೇವನಾಗರಿಗೆ ಮಾತ್ರೆಗಳಿಗಾಗಿ ಅಕ್ಷರದ ಮೇಲೂ ಕೆಳಗೂ ಜಾಗ ಬೇಕು. ನಮಗೆ ಒತ್ತಕ್ಷರಕ್ಕಾಗಿ ಕೆಳಗೆ ಇನ್ನಷ್ಟು ಬೇಕು. ‘ಮಹಾರಾಷ್ಟ್ರ’ ಎಂದು ಕನ್ನಡದಲ್ಲಿ ಒಂದು ಬಟನ್ ಮೇಲೆ ಬರೆದು ನೋಡಿ. ಸಾಲಿನ ಎತ್ತರ ಇಂಗ್ಲಿಷ್‌ಗೆ ಹೊಂದಿಸಿದ್ದಾಗಿ, ಅಂಚು ದಾಟಿದ್ದನ್ನು ಮರೆಮಾಡು ಎಂಬ ಆಜ್ಞೆಯೂ ಇದ್ದರೆ, ಷಕಾರದ ಕೆಳಗಿನ ಟ ಮತ್ತು ರ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಮರಾಠಿಯ ತಕರಾರು ಬೇರೆ. ಅವರ ಲ, ಶ ಅಕ್ಷರಗಳ ರೂಪ ಹಿಂದಿಯಂತಲ್ಲ. ಪುಟದ ಭಾಷೆ ಮರಾಠಿ ಎಂದು ಕೋಡ್‌ನಲ್ಲಿ ನಮೂದಿಸಿದರೆ, ಆ ರೂಪಗಳನ್ನು ಅಳವಡಿಸಿಕೊಂಡಿರುವ ಫಾಂಟ್ ತಾನಾಗಿ ಸರಿಯಾದುದನ್ನು ತೋರಿಸುತ್ತದೆ. ಕನ್ನಡ ಪುಟಕ್ಕೂ ಭಾಷೆ ನಮೂದಿಸುವುದು ಅಷ್ಟೇ ಅಗತ್ಯ. ಕಣ್ಣು ಕಾಣದವರಿಗೆ ಪರದೆಯ ಬರಹವನ್ನು ಓದಿಹೇಳುವ ತಂತ್ರಾಂಶ ಕನ್ನಡದ ದನಿಗೆ ಹೊರಳಬೇಕೆಂದು ತಿಳಿಯುವುದು ಆ ಗುರುತಿನಿಂದ. ಒಂದೇ ಸಾಲಿನ ಕೆಲಸ. ಅದನ್ನು ಬಿಟ್ಟ ಕನ್ನಡ ತಾಣಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದು ಮರಾಠಿಗರು ಮರಾಠಿಗೆ, ಕನ್ನಡಿಗರು ಕನ್ನಡಕ್ಕೆ ಎಂದು ಹಂಚಿಕೊಳ್ಳುವ ಕೆಲಸವೂ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿಯ ಅಂಗಡಿಯ ಜಾಲತಾಣಕ್ಕೆ ಎರಡೂ ಲಿಪಿ ಬೇಕು. ನಾವು ಪರದೆಯ ಮೇಲೆ ಓದುವ ಬಲೂ ತಮ್ಮ, ಅನೇಕ್ ಕನ್ನಡ ಫಾಂಟ್‌ಗಳನ್ನು ರೂಪಿಸಿ, ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ಮುಂಬೈಯ ಏಕ್ ಟೈಪ್ ಬಳಗ.

ಕನ್ನಡಕ್ಕೆ ಈ ಹಾದಿ ಹೊಸದೇನಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ, 1996ರಲ್ಲೇ, ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ತಾಣ ತೆರೆದಿದ್ದರು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಶುರುಮಾಡಿದ ‘ಸಂಪದ’ ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯಿತು. ಎಷ್ಟೋ ಹೊಸ ಬರಹಗಾರರು ಕನ್ನಡದಲ್ಲಿ ಟೈಪಿಸಲು ಕಲಿತದ್ದು ಅಲ್ಲಿ ಬರೆಯಬೇಕೆಂಬ ಆಸೆಯಿಂದ. ಆ ಹುರುಪು ಬಹುಮಟ್ಟಿಗೆ ಬೆಂಗಳೂರಿನ ಸುತ್ತಲೇ ಉಳಿದದ್ದು ನನ್ನ ಕೊರಗು. ಕಲಬುರಗಿಯಲ್ಲಿ, ವಿಜಯಪುರದಲ್ಲಿ, ಹುಬ್ಬಳ್ಳಿಯಲ್ಲಿ ಜಾಲತಾಣ ಕಟ್ಟುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಪಕ್ಕದ ಬೀದಿಯಲ್ಲೇ ತಮ್ಮಂಥವರು ಇನ್ನೊಬ್ಬರಿದ್ದಾರೆಂದು ಅವರಿಗೆ ತಿಳಿದಿರುವುದಿಲ್ಲ, ಅಷ್ಟೇ.

ಮನ್ಮಾಡ್‌ನಲ್ಲಿ ಇಳಿಯುವ ಕನ್ನಡಿಗರಿಗೆ ನನ್ನದೊಂದು ಕೋರಿಕೆ: ಸಮ್ಮೇಳನ ಮುಗಿದ ಮೇಲೆ ಎಲ್ಲೋರಕ್ಕೂ ಹೋಗಿಬನ್ನಿ. ಸಂಭಾಜಿನಗರದಿಂದ ಸುಮಾರು ಮೂವತ್ತು ಕಿಲೋಮೀಟರ್. ಹದಿನಾರನೆಯ ಗುಹೆಯ ಕೈಲಾಸನಾಥ ದೇಗುಲ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು. ಅವನ ವಂಶದವರೇ ಮುಂದೆ ಕಲಬುರಗಿ ಸೀಮೆಯ ಮಳಖೇಡದಿಂದ ಆಳಿದರು. ಎಂಟನೆಯ ಶತಮಾನದಲ್ಲಿ ಒಂದೇ ಅರಸೊತ್ತಿಗೆಗೆ ಸೇರಿದ್ದ ಈ ಸೀಮೆಗಳ ನಡುವೆ ಇವತ್ತಿನ ಕಸುಬುದಾರರ ಹೋಗಿಬರುವಿಕೆ ಇಷ್ಟು ಕಡಿಮೆಯಾಗಬಾರದು.

ಕಲಬುರಗಿಯಲ್ಲಿ ಇಂಥ ಸಮ್ಮೇಳನ ನಡೆಸಲು ಬೇಕಾದ್ದೇನು? ಮೊದಲ ದಿನವೇ ಸಭಾಂಗಣ ಹುಡುಕಬೇಕಿಲ್ಲ. ವರ್ಡ್‌ಪ್ರೆಸ್ ಬಳಗಗಳು ತಿಂಗಳಿಗೊಮ್ಮೆ ಸೇರುವ ಮೀಟಪ್‌ಗಳಿಂದ ಶುರುಮಾಡುತ್ತವೆ. ಹತ್ತು ಜನ, ಇಂಜಿನಿಯರಿಂಗ್ ಕಾಲೇಜಿನ ಒಂದು ಕೊಠಡಿ, ಒಂದು ಪ್ರೊಜೆಕ್ಟರ್ ಸಾಕು. ಬಳಗ ಗಟ್ಟಿಯಾದ ಮೇಲೆ ವರ್ಡ್‌ಕ್ಯಾಂಪ್‌ಗೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಅನುವಾದದ ಮೇಜನ್ನಂತೂ ಇವತ್ತೇ ಹಾಕಬಹುದು. ವರ್ಡ್‌ಪ್ರೆಸ್‌ನ ಅನುವಾದ ತಾಣದಲ್ಲಿ ಖಾತೆ ತೆರೆದು ಕನ್ನಡವನ್ನು ಆರಿಸಿದರೆ ಒಂದೊಂದೇ ಸಾಲು ಎದುರಾಗುತ್ತದೆ. ನೀವು ಬರೆದ ಸಲಹೆಯನ್ನು ಅನುಭವಿ ಸ್ವಯಂಸೇವಕರು ತಿದ್ದಿ ಒಪ್ಪುತ್ತಾರೆ. ಒಪ್ಪಿದ ಸಾಲುಗಳು ಅಪ್‌ಡೇಟ್ ಆಗಿ, ವರ್ಡ್‌ಪ್ರೆಸ್ ಅನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆಲ್ಲ ತಲುಪುತ್ತವೆ, ಅವರು ಅಕ್ಕಲಕೋಟೆಯಲ್ಲಿರಲಿ, ಕಾಸರಗೋಡಿನಲ್ಲಿರಲಿ.