ಹಳೆಯ ಗಾಂಜಾ ಕೇಸು, ಹೊಸ ಸರ್ಕಾರಿ ಕೆಲಸ

ಪುಣೆಯಲ್ಲೋ ಹೈದರಾಬಾದಿನಲ್ಲೋ ಓದುವಾಗ ಗೆಳೆಯರ ಜೊತೆ ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗ, ನಾಲ್ಕು ವರ್ಷದ ಮೇಲೆ ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾಗುತ್ತಾನೆ. ಅಟೆಸ್ಟೇಶನ್ ಫಾರ್ಮ್ ಬರುತ್ತದೆ. ಎಂದಾದರೂ ಬಂಧನವಾಗಿದೆಯೇ, ಮೊಕದ್ದಮೆ ನಡೆದಿದೆಯೇ, ದಂಡ ಬಿದ್ದಿದೆಯೇ ಎಂಬ ಪ್ರಶ್ನೆ ಅದರಲ್ಲಿರುತ್ತದೆ. "ಇಲ್ಲ ಅಂತ ಬರಿ, ನಮ್ಮೂರ ಠಾಣೆಯಲ್ಲಿ ಏನೂ ಇಲ್ಲವಲ್ಲ" ಎನ್ನುವ ಹಿತೈಷಿಗಳಿಗೇನೂ ಬರವಿಲ್ಲ.

ಆ ಮಾತು ಕೇಳಬೇಡಿ. ಕಳೆದ ಐದು ವರ್ಷಗಳಲ್ಲಿ ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಊರುಗಳನ್ನೆಲ್ಲ ಅದೇ ಫಾರ್ಮಿನಲ್ಲಿ ಬರೆಯಬೇಕು. ಊರು ಬಿಟ್ಟು ಬಂದ ನಮ್ಮಂಥವರ ಪಟ್ಟಿ ಉದ್ದವೇ ಇರುತ್ತದೆ. ಸುಳ್ಳು ಬರೆದರೆ, ಮುಚ್ಚಿಟ್ಟರೆ ಅನರ್ಹತೆ ಎಂಬ ಎಚ್ಚರಿಕೆಯೂ ಮೇಲೆಯೇ ಇದೆ.

ಒಂದು ಸೂಕ್ಷ್ಮವಿದೆ. ನಮ್ಮ ಫಾರ್ಮ್ ಕೇಳುವುದು ಕೇಸನ್ನು, ಚಟವನ್ನಲ್ಲ. ಅಮೆರಿಕದಲ್ಲಿ ರಹಸ್ಯ ಕಡತ ನೋಡುವ ಕೆಲಸಕ್ಕೆ ತುಂಬುವ ಎಸ್‌ಎಫ್-86 ಅರ್ಜಿ, ಸಿಕ್ಕಿಬೀಳದಿದ್ದರೂ ಕಳೆದ ಏಳು ವರ್ಷಗಳ ಸೇವನೆಯನ್ನೇ ಕೇಳುತ್ತದೆ. ಆದರೂ ಹಿಂದಿನ ಗಾಂಜಾ ಸೇವನೆಯೊಂದೇ ನಿರ್ಣಾಯಕವಾಗಬಾರದೆಂದು ಅಲ್ಲಿ 2021ರಲ್ಲಿ ಸೂಚನೆ ಹೊರಟಿತು.

ನಮ್ಮಲ್ಲಿ ದಾರಿ ತೋರಿಸಿದ್ದು ಸುಪ್ರೀಂ ಕೋರ್ಟು, 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ. ಕೊಡುವ ಮಾಹಿತಿ ನಿಜವಾಗಿರಲೇಬೇಕು. ಚಿಕ್ಕ ವಯಸ್ಸಿನ ಕ್ಷುಲ್ಲಕ ಪ್ರಕರಣವಾದರೆ, ಮುಚ್ಚಿಟ್ಟದ್ದನ್ನೂ ಮನ್ನಿಸುವ ವಿವೇಚನೆ ಇಲಾಖೆಗೆ ಉಂಟು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಖಾತ್ರಿಯಿಲ್ಲ. ಹುದ್ದೆ ಎಂಥದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪೊಲೀಸ್ ಪಡೆಗೆ ಬೇರೆ ತೂಕ, ಗುಮಾಸ್ತಿಕೆಗೆ ಬೇರೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಅದಕ್ಕೂ ಮುಂಚಿನ ಒಂದು ಗಳಿಗೆ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. "ತಪ್ಪೊಪ್ಪಿಕೊಂಡು ದಂಡ ಕಟ್ಟು, ಸಂಜೆಗೆ ಮನೆಗೆ ಹೋಗಬಹುದು" ಎಂದರೆ ಗಾಬರಿಯಾದ ಹುಡುಗರು ಹೂಂ ಎನ್ನುತ್ತಾರೆ. ಸಿಗ್ನಲ್ ದಾಟಿ ಕಟ್ಟುವ ದಂಡವಲ್ಲ ಅದು, ಕೋರ್ಟಿನ ಶಿಕ್ಷೆ. ನಿಜಕ್ಕೂ ಚಟಕ್ಕೆ ಬಿದ್ದವರಿಗೆ 64ಎ ಕಲಮಿನಲ್ಲಿ ಇನ್ನೊಂದು ಬಾಗಿಲಿದೆ: ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು. ದಂಡ ಕಟ್ಟುವ ಮೊದಲು ವಕೀಲರ ಹತ್ತಿರ ಇದನ್ನು ಕೇಳಿ.

ಕೇಸು ಮುಗಿದಿದ್ದರೆ ಆದೇಶದ ದೃಢೀಕೃತ ನಕಲನ್ನು ಅಂಕಪಟ್ಟಿಗಳ ಜೊತೆಯಲ್ಲೇ ಇಟ್ಟುಕೊಳ್ಳಿ. ಫಾರ್ಮ್ ಬಂದ ದಿನ ಬೇರೆ ರಾಜ್ಯದ ಕೋರ್ಟಿಗೆ ಓಡಾಡುವಷ್ಟು ಸಮಯ ಇರುವುದಿಲ್ಲ.